ಬಾಟಲಿಯ ವಯಸ್ಸು ಉಗುರಿಗೆ ಗೊತ್ತು

ಚಿಕ್ಕಜಾಜೂರಿನಂಥ ಜಂಕ್ಷನ್ ಊರಿನಲ್ಲಿ ಹಳೇ ಮನೆ ಕೆಡವಿ ಪಾಯ ತೋಡಿದರೆ ಮಣ್ಣಿನ ಜೊತೆ ಏನೇನೋ ಮೇಲೆ ಬರುತ್ತದೆ: ಹೆಂಚಿನ ಚೂರು, ತುಕ್ಕು ತಿಂದ ಮೊಳೆ, ಬಳೆಯ ತುಂಡು, ಗಾಜಿನ ಬಾಟಲಿಯ ಕತ್ತು. ಬೆಂಗಳೂರು–ಹುಬ್ಬಳ್ಳಿ ಹಳಿಯಿಂದ ಚಿತ್ರದುರ್ಗ, ಬಳ್ಳಾರಿಗಳ ಕಡೆ ಕವಲೊಡೆಯುವ ಜಾಗ ಇದು. ರೈಲು ನಿಂತಲ್ಲಿ ಜನ, ಜನ ನಿಂತಲ್ಲಿ ಸೋಡಾ, ಸೋಡಾ ಇದ್ದಲ್ಲಿ ಒಡೆದ ಬಾಟಲಿ. ಕೆಲಸದವರು ಅದನ್ನು ಕೈಗೆ ಚುಚ್ಚೀತೆಂದು ಬದಿಗೆ ಎಸೆಯುತ್ತಾರೆ. ಕುತೂಹಲದಿಂದ ಎತ್ತಿಕೊಂಡವರು ಮೊದಲು ಹುಡುಕುವುದು ಉಬ್ಬಕ್ಷರವನ್ನು. ಹೆಸರೋ ಇಸವಿಯೋ ಕಂಡರೆ ವಯಸ್ಸು ಸಿಕ್ಕಿತೆಂಬ ಸಮಾಧಾನ. ಎಡವುವುದೇ ಅಲ್ಲಿ.

ಅಮೆರಿಕದಲ್ಲಿ ಹಿತ್ತಿಲು ಅಗೆದು ಬಾಟಲಿ ಹುಡುಕುವುದು ಒಂದು ಹವ್ಯಾಸ. ಹಣ್ಣು, ತರಕಾರಿ ಕೆಡದಂತೆ ಮುಚ್ಚಿಡುತ್ತಿದ್ದ ಅಗಲಬಾಯಿಯ ಗಾಜಿನ ಜಾಡಿಗಳು ಅಲ್ಲಿ ಧಾರಾಳವಾಗಿ ಸಿಗುತ್ತವೆ. ಜಾನ್ ಲ್ಯಾಂಡಿಸ್ ಮೇಸನ್ ಎಂಬಾತ ಜಾಡಿಯ ಕತ್ತಿಗೇ ತಿರುಪಿನ ಎಳೆ ಕೊಟ್ಟು, ಮುಚ್ಚಳ ತಿರುಗಿಸಿ ಬಿಗಿಯುವ ವಿನ್ಯಾಸಕ್ಕೆ 1858ರ ನವೆಂಬರ್ 30ರಂದು ಪೇಟೆಂಟ್ ಪಡೆದ. ಆ ತಾರೀಖನ್ನೇ ಜಾಡಿಯ ಹೊಟ್ಟೆಯ ಮೇಲೆ ಉಬ್ಬಿಸಿದರು. ಪೇಟೆಂಟಿನ ಅವಧಿ ಮುಗಿದ ಮೇಲೂ ಬೇರೆ ಬೇರೆ ಕಾರ್ಖಾನೆಗಳು ಅದೇ ತಾರೀಖನ್ನು ದಶಕಗಳ ಕಾಲ ಅಚ್ಚೊತ್ತಿದವು. 1858 ಎಂದು ಬರೆದ ಜಾಡಿ 1890ರದ್ದೂ ಇರಬಹುದು, 1910ರದ್ದೂ ಇರಬಹುದು.

ಅಂಥ ಜಾಡಿ ನಮ್ಮ ಮಣ್ಣಿನಲ್ಲಿ ಅಪರೂಪ. ಕಾರಣ ಅಡುಗೆಮನೆಯಲ್ಲಿದೆ. ಆಹಾರವನ್ನು ಮುಚ್ಚಿ ಕುದಿಸಿ ಇಡುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಆಪೇರ್ 1810ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಕಾವು ಒಳಗಿನ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಬಿಗಿ ಮುಚ್ಚಳ ಹೊಸವು ನುಗ್ಗದಂತೆ ತಡೆಯುತ್ತದೆ. ಮುಚ್ಚಳ ಸಡಿಲಾದರೆ ಎಲ್ಲ ವ್ಯರ್ಥ. ನಮ್ಮ ಉಪ್ಪಿನಕಾಯಿಯ ದಾರಿ ಬೇರೆ. ಉಪ್ಪು ಕಾಯಿಯ ನೀರನ್ನು ಎಳೆದು ಸೂಕ್ಷ್ಮಜೀವಿಗಳಿಗೆ ದಕ್ಕದಂತೆ ಹಿಡಿದಿಡುತ್ತದೆ, ಹುಳಿ ಅವುಗಳ ಬೆಳವಣಿಗೆ ತಡೆಯುತ್ತದೆ, ಮೇಲೆ ನಿಂತ ಎಣ್ಣೆ ಗಾಳಿಯನ್ನು ದೂರವಿಡುತ್ತದೆ. ಪಿಂಗಾಣಿ ಭರಣಿಯ ಬಾಯಿಗೆ ಬಟ್ಟೆ ಬಿಗಿದರೆ ಸಾಕು, ವರ್ಷ ಕಳೆಯುತ್ತದೆ. ಹಾಗಾಗಿ ನಮ್ಮ ತಿಪ್ಪೆಗಳಲ್ಲಿ ಭರಣಿಯ ಚೂರು ಸಿಗುತ್ತದೆ, ಮುಂದಿನ ಕಾಲದ ಹಾರ್ಲಿಕ್ಸ್ ಬಾಟಲಿ ಸಿಗುತ್ತದೆ, ಅವುಗಳ ನಡುವೆ ಗೋಲಿ ಸೋಡಾದ ಕತ್ತು ಸಿಗುತ್ತದೆ.

ಈ ಕತ್ತನ್ನು ಹತ್ತಿರದಿಂದ ನೋಡಬೇಕು. ಲಂಡನ್ನಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ರೂಪಿಸಿದ ಬಾಟಲಿ ಇದು. ಬಾಯಿಯ ಒಳಗೆ ಒಂದು ತೋಡು, ಅದರಲ್ಲಿ ರಬ್ಬರ್ ಉಂಗುರ. ಬಾಟಲಿಯನ್ನು ತಲೆಕೆಳಗಾಗಿಸಿ ಅನಿಲ ಬೆರೆತ ನೀರು ತುಂಬಿದಾಗ ಗೋಲಿ ಬಾಯಿಗೆ ಬಂದು ಕೂರುತ್ತದೆ, ಒಳಗಿನ ಇಂಗಾಲದ ಡೈಆಕ್ಸೈಡ್ ಅದನ್ನು ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಬಿರಡೆ ಬೇಕಿಲ್ಲ, ಸೋಡಾದ ಒತ್ತಡವೇ ಬೀಗ. ಹೆಬ್ಬೆರಳಿನಿಂದ ಒತ್ತಿದರೆ 'ಟಪ್' ಎಂದು ಗೋಲಿ ಕೆಳಗಿಳಿಯುತ್ತದೆ. ಕತ್ತಿನ ಪಕ್ಕದ ಎರಡು ಗುಳಿಗಳು, ಕುಡಿಯುವಾಗ ಗೋಲಿ ಉರುಳಿ ಬಾಯಿ ಮುಚ್ಚದಂತೆ ಅದನ್ನು ತಡೆದು ನಿಲ್ಲಿಸುತ್ತವೆ. ಒಡೆದ ಬಾಟಲಿಗಳಲ್ಲಿ ಗೋಲಿ ಸಿಗುವುದು ಕಡಿಮೆ. ಅದಕ್ಕೆ ಉತ್ತರ ಊರಿನ ಹುಡುಗರ ಚಡ್ಡಿ ಜೇಬಿನಲ್ಲಿತ್ತು.

ಈಗ ವಯಸ್ಸಿನ ಪ್ರಶ್ನೆ. ಬಾಟಲಿಯ ಬದಿಯಲ್ಲಿ ಬುಡದಿಂದ ಬಾಯಿಯವರೆಗೆ ಉಗುರು ಎಳೆದು ನೋಡಿ, ಸಣ್ಣದೊಂದು ಗೆರೆ ತಟ್ಟುತ್ತದೆ. ಅಚ್ಚಿನ ಎರಡು ಹೋಳು ಕೂಡುವ ಸಂದಿಗೆ ಬಿಸಿ ಗಾಜು ನುಗ್ಗಿ ಉಳಿದ ಗುರುತು ಅದು. ಗೆರೆ ಬಾಯಂಚಿಗಿಂತ ಕೆಳಗೇ ನಿಂತುಹೋದರೆ, ಬಾಟಲಿಯನ್ನು ಉಸಿರಿನಿಂದ ಅಚ್ಚಿನೊಳಗೆ ಊದಿ, ಬಾಯಿಯನ್ನು ಆಮೇಲೆ ಕೈಯುಪಕರಣದಿಂದ ತಿದ್ದಿದ್ದಾರೆ. ಗೆರೆ ಬಾಯಂಚನ್ನೂ ದಾಟಿದರೆ ಅದು ಯಂತ್ರದ ಕೆಲಸ. ಮೈಕೆಲ್ ಓವೆನ್ಸ್ ಅಮೆರಿಕದಲ್ಲಿ ಪೂರ್ಣ ಸ್ವಯಂಚಾಲಿತ ಯಂತ್ರ ಹೂಡಿದ್ದು 1903ರ ಹೊತ್ತಿಗೆ. ಆ ಯಂತ್ರ ಗಾಜನ್ನು ಹೀರಿ ಕತ್ತರಿಸಿದ ಕಲೆ ಬುಡದಲ್ಲಿ ಓರೆ ಉಂಗುರವಾಗಿ ಉಳಿಯುತ್ತದೆ.

ಈ ಲೆಕ್ಕವನ್ನು ಇಲ್ಲಿಗೆ ಹಾಗೇ ತಂದರೆ ತಪ್ಪುತ್ತದೆ. ಪುಣೆ ಸಮೀಪದ ತಳೇಗಾಂವದಲ್ಲಿ ಜನರಿಂದ ಪೈಸೆ ಪೈಸೆ ಕೂಡಿಸಿದ ನಿಧಿಯಿಂದ 'ಪೈಸಾ ಫಂಡ್' ಗಾಜಿನ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಯಂತ್ರ ಬಂದ ಮೇಲೂ ನಮ್ಮ ದೇಶದ ಸಣ್ಣ ಕುಲುಮೆಗಳಲ್ಲಿ ಬಾಯಿಂದ ಊದುವ ಕೆಲಸ ನಿಲ್ಲಲಿಲ್ಲ. ಗೋಲಿ ಸೋಡಾದ ಬಾಟಲಿಯಂತೂ ನಿಯಮಕ್ಕೇ ಸಿಗುವುದಿಲ್ಲ. ಗೋಲಿ ಬಾಯಿಗಿಂತ ದಪ್ಪ. ಬಾಟಲಿ ಯಾವ ಕಾಲದ್ದೇ ಆಗಲಿ, ಗೋಲಿಯನ್ನು ಒಳಗೆ ಬಿಟ್ಟ ಮೇಲೆಯೇ ಬಾಯಿ ಕಟ್ಟಬೇಕು. ಗಾಜಿನೊಳಗಿನ ಗುಳ್ಳೆಯೂ ಅಷ್ಟೆ. ಅದು ಕುಲುಮೆಯ ಕಾವು ಸಾಲದ್ದನ್ನು ಹೇಳುತ್ತದೆ, ಕಾಲವನ್ನು ಹೇಳುವುದಿಲ್ಲ.

ಬಣ್ಣದ ಕತೆ ನಮ್ಮ ಸೀಮೆಗೆ ಇನ್ನೂ ಹತ್ತಿರ. ಮರಳಿನಲ್ಲಿ ಕಬ್ಬಿಣದ ಅಂಶ ಇದ್ದೇ ಇರುತ್ತದೆ. ಅದು ಗಾಜಿಗೆ ತಿಳಿ ಹಸಿರನ್ನೋ ನೀಲಿ ಛಾಯೆಯನ್ನೋ ಕೊಡುತ್ತದೆ. ಅದನ್ನು ಮರೆಸಲು ಕುಲುಮೆಯವರು ಮ್ಯಾಂಗನೀಸ್ ಬೆರೆಸುತ್ತಿದ್ದರು. ಕಬ್ಬಿಣದ ಹಸಿರನ್ನು ಮ್ಯಾಂಗನೀಸ್ ಅಳಿಸಿದರೆ ಗಾಜು ಬಣ್ಣವಿಲ್ಲದಂತೆ ಕಾಣುತ್ತದೆ. ಆದರೆ ಅಂಥ ಗಾಜು ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ಅತಿನೇರಳೆ ಕಿರಣ ಮ್ಯಾಂಗನೀಸಿನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಗಾಜು ನೇರಳೆಗೆ ತಿರುಗುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದವರು ಮ್ಯಾಂಗನೀಸ್ ಬಿಟ್ಟು ಸೆಲೆನಿಯಮ್ಮಿಗೆ ಹೊರಳತೊಡಗಿದರು. ಹಾಗಾಗಿ ಅಲ್ಲಿ ಸಿಕ್ಕ ನೇರಳೆ ಗಾಜು ಕಾಲದ ಒಂದು ಸುಳಿವು. ಹೊಸದುರ್ಗ, ಹೊಳಲ್ಕೆರೆಯ ಗುಡ್ಡಗಳಲ್ಲಿ ಈ ಎರಡೂ ಅದಿರು, ಕಬ್ಬಿಣ ಮತ್ತು ಮ್ಯಾಂಗನೀಸ್, ಒಂದೇ ಶಿಲಾಪಟ್ಟಿಯಲ್ಲಿವೆ. ಗಾಜಿನ ಬಣ್ಣ ಕೆಡಿಸುವುದೂ ತಿದ್ದುವುದೂ ಇಲ್ಲಿ ಅಕ್ಕಪಕ್ಕದ ಮನೆಯವು.

ಮಣ್ಣಿನಿಂದ ಬಂದ ಗಾಜಿನ ಮೇಲೆ ಕೆಲವೊಮ್ಮೆ ನವಿಲುಗರಿಯ ಹೊಳಪು ಇರುತ್ತದೆ. ಅದು ಮೇಲೆ ಅಂಟಿದ ಕೊಳೆಯಲ್ಲ. ಒದ್ದೆ ಮಣ್ಣಿನಲ್ಲಿ ನೀರು ಗಾಜಿನ ಸೋಡಿಯಂ ಅನ್ನು ನಿಧಾನವಾಗಿ ಕರಗಿಸಿ ಒಯ್ಯುತ್ತದೆ. ಸಿಲಿಕಾದ ತೆಳು ಪದರಗಳು ಒಂದರ ಮೇಲೊಂದು ಉಳಿದು, ಅವುಗಳ ಮೇಲೆ ಬಿದ್ದ ಬೆಳಕು ಸೋಪಿನ ಗುಳ್ಳೆಯ ಮೇಲಿನಂತೆ ಬಣ್ಣಗಳಾಗಿ ಒಡೆಯುತ್ತದೆ. ಇದರಿಂದಲೂ ವರ್ಷ ಎಣಿಸಲಾಗದು. ಬಾಟಲಿಯ ಹುಟ್ಟಿಗಿಂತ ಅದು ಬಿದ್ದ ಜಾಗದ ತೇವವನ್ನು ಅದು ಹೆಚ್ಚು ಹೇಳುತ್ತದೆ.

ಅಕ್ಷರ, ಗೆರೆ, ಬಣ್ಣ, ಹೊಳಪು, ಒಂದೊಂದೂ ಅರ್ಧ ಸಾಕ್ಷಿ. ಪೂರ್ತಿ ಮಾಡುವ ಪಾಠ ಚಿತ್ರದುರ್ಗದ ಚಂದ್ರವಳ್ಳಿಯಲ್ಲೇ ನಡೆದಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಮತ್ತು ಅದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಣ್ಣಿನ ಪದರ ಪದರ ಗುರುತಿಸುತ್ತಾ ಅಗೆಸಿದರು. ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಗಳಲ್ಲಿ ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸನದೂ ಇತ್ತು. ಆ ನಾಣ್ಯ ಬಿದ್ದ ಪದರ ನಾಣ್ಯ ಟಂಕಿಸುವ ಮೊದಲಿನದಾಗಿರಲು ಸಾಧ್ಯವಿಲ್ಲ. ಎಷ್ಟು ವರ್ಷ ಆಮೇಲಿನದು ಎಂಬುದನ್ನು ನಾಣ್ಯವೊಂದೇ ಹೇಳಲಾರದು, ಅಕ್ಕಪಕ್ಕದ ಮಡಕೆ ಚೂರುಗಳನ್ನೂ ಕೇಳಬೇಕು. ಮೇಸನ್ ಜಾಡಿಯ 1858 ಹೇಳುವುದೂ ಇಷ್ಟನ್ನೇ: ಇದಕ್ಕಿಂತ ಹಿಂದಿನದಲ್ಲ.

ಅದಕ್ಕೇ ಪಾಯದಲ್ಲಿ ಬಾಟಲಿ ಸಿಕ್ಕಾಗ ತೊಳೆಯುವ ಮೊದಲು ಒಂದು ಚೀಟಿ ಬರೆಯಿರಿ: ಎಲ್ಲಿ, ಎಷ್ಟು ಆಳದಲ್ಲಿ, ಪಕ್ಕದಲ್ಲಿ ಏನಿತ್ತು. ಕಲಕದ ಮಣ್ಣಿನಲ್ಲಿ, ಬಾಟಲಿಗಿಂತ ಕೆಳಗೆ ಒಂದು ನಯಾ ಪೈಸೆ ಸಿಕ್ಕಿತೆನ್ನಿ. ನಯಾ ಪೈಸೆ ಚಲಾವಣೆಗೆ ಬಂದದ್ದು 1957ರಲ್ಲಿ. ಬಾಟಲಿಯ ಹೊಟ್ಟೆಯ ಮೇಲೆ ಯಾವ ಇಸವಿಯೇ ಇರಲಿ, ಅದನ್ನು ಅಲ್ಲಿ ಬಿಸಾಡಿದ ಕೈ 1957ಕ್ಕಿಂತ ಹಿಂದಿನದಲ್ಲ.