ರಕ್ತದ ಸ್ಯಾಂಪಲ್ ಫ್ರಾನ್ಸ್‌ಗೆ ಹೋಗಿ ಬರುವಷ್ಟರಲ್ಲಿ...

ಗಡಿಯ ಮಂದಿಗೆ ಈ ಹಕೀಕತ್ತು ಲಗೂನ ತಿಳಿದೀತು. ಪಶ್ಚಿಮ ಆಫ್ರಿಕಾದ ಗಿನಿ ದೇಶದಲ್ಲಿ ಗೆಕೆಡು ಎಂಬ ಊರಿದೆ. ರಾಜಧಾನಿ ಕೊನಾಕ್ರಿಯಿಂದ 600 ಕಿ.ಮೀ.ಗೂ ಹೆಚ್ಚು ದೂರ. ಆದರೆ ಸಿಯೆರಾ ಲಿಯೋನ್, ಲೈಬೀರಿಯಾ ಎರಡೂ ದೇಶ ಬಗಲಲ್ಲೇ. ಮೂರೂ ಕಡೆ ಕಿಸಿ ಭಾಷೆಯ ಜನ. ಸಂತೆ ಅತ್ತ, ಬೀಗರು ಇತ್ತ. ನಮ್ಮ ಜತ್ತ, ಅಕ್ಕಲಕೋಟ ಇದ್ದಂಗೇ ಅನ್ನಿ.

2013ರ ಡಿಸೆಂಬರ್‌ನಲ್ಲಿ ಗೆಕೆಡು ಹತ್ತಿರದ ಮೆಲಿಯಾಂಡು ಹಳ್ಳಿಯಲ್ಲಿ ಪುಟ್ಟ ಮಗುವೊಂದು ಜ್ವರ, ವಾಂತಿಯಿಂದ ತೀರಿಕೊಂಡಿತು. ಬೆನ್ನಲ್ಲೇ ಮನೆಯವರು, ಊರ ಸೂಲಗಿತ್ತಿ, ಆಮೇಲೆ ದವಾಖಾನೆ ಸಿಬ್ಬಂದಿ. ಕಾಲರಾ ಇರಬೇಕೆಂದು ಅಧಿಕಾರಿಗಳು ಅಂದಾಜು ಮಾಡಿದರು. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಬೇರೆ ಕಂಡವು, ಅಂದಾಜು ಗಟ್ಟಿಯಾಯಿತು. ಎಬೋಲಾ ವೈರಸ್ ಹಿಡಿಯುವ ತಪಾಸಣೆ ಅಲ್ಲಿ ಇರಲೇ ಇಲ್ಲ. ಕೊನೆಗೆ ಸ್ಯಾಂಪಲ್ ವಿಮಾನ ಹತ್ತಿ ಫ್ರಾನ್ಸ್‌ಗೆ ಹೋಯಿತು. 2014ರ ಮಾರ್ಚ್ 21-22ಕ್ಕೆ ಉತ್ತರ ಬಂತು: ಎಬೋಲಾ.

ಅಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು. ರೋಗಕ್ಕೆ ಗಡಿ ದಾಟಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. 2016ರಲ್ಲಿ ಎಲ್ಲ ಮುಗಿದಾಗ ರೋಗಿಗಳ ಲೆಕ್ಕ 28,600 ದಾಟಿತ್ತು, ಸತ್ತವರು 11,300ಕ್ಕೂ ಹೆಚ್ಚು. ಅವರಲ್ಲಿ 500ಕ್ಕೂ ಹೆಚ್ಚು ಮಂದಿ ವೈದ್ಯರು, ನರ್ಸುಗಳು ಮತ್ತಿತರ ಆರೋಗ್ಯ ಸಿಬ್ಬಂದಿ. ಸಿಯೆರಾ ಲಿಯೋನ್‌ನ ಕೆನೆಮಾ ಸರಕಾರಿ ಆಸ್ಪತ್ರೆಯಲ್ಲಿ ಲಾಸಾ ಜ್ವರಕ್ಕೆಂದು ಮೊದಲೇ ಲ್ಯಾಬ್ ಇತ್ತು. 2014ರ ಮೇ ಕೊನೆಗೆ ಆ ದೇಶದ ಮೊದಲ ಎಬೋಲಾ ಕೇಸು ಖಚಿತವಾಗಿದ್ದು ಅಲ್ಲೇ. ಅಲ್ಲಿನ ಮುಖ್ಯ ವೈದ್ಯ ಡಾ. ಶೇಖ್ ಉಮರ್ ಖಾನ್ ಜುಲೈ 29ರಂದು ಅದೇ ರೋಗಕ್ಕೆ ಬಲಿಯಾದರು.

ಲ್ಯಾಬ್ ಅಂದರೆ ಬರೇ ಮಶಿನ್ ಅಲ್ಲ

ಮುಂದೆ ಹಣ ಹರಿದು ಬಂತು. ವಿಶ್ವಬ್ಯಾಂಕ್ 2016ರಲ್ಲಿ ಪಶ್ಚಿಮ ಆಫ್ರಿಕಾ ದೇಶಗಳ ರೋಗ ನಿಗಾ ವ್ಯವಸ್ಥೆಗೆಂದೇ ದೊಡ್ಡ ಯೋಜನೆ ಶುರು ಮಾಡಿತು. 2017ರಲ್ಲಿ ಇಡೀ ಖಂಡದ ರೋಗ ನಿಯಂತ್ರಣ ಕೇಂದ್ರ, ಅಂದರೆ ಆಫ್ರಿಕಾ ಸಿಡಿಸಿ, ಆರಂಭವಾಯಿತು. ಜರ್ಮನಿಯ ಹ್ಯಾಂಬರ್ಗ್‌ನ ಸಂಸ್ಥೆಯೊಂದರ ನೆರವಿನಿಂದ ಗೆಕೆಡುವಿನಲ್ಲೇ ಲ್ಯಾಬ್ ಎದ್ದಿತು.

ಪಿಸಿಆರ್ ಮಶಿನ್ ಇಟ್ಟುಬಿಟ್ಟರೆ ಕೆಲಸ ಮುಗೀತು ಅಂತ ಅನಿಸುತ್ತದೆ. ಹಾಗಿಲ್ಲ. ಸ್ಯಾಂಪಲ್ ಮೂರು ಸುತ್ತಿನ ಪ್ಯಾಕಿಂಗ್‌ನಲ್ಲಿ, ಥಂಡಿ ಪೆಟ್ಟಿಗೆಯಲ್ಲಿ, ಕೆಟ್ಟ ರಸ್ತೆ ದಾಟಿ ಬರಬೇಕು. ಲ್ಯಾಬಿನಲ್ಲಿ ಕರೆಂಟ್ ಇರಬೇಕು, ಇಲ್ಲಾ ಜನರೇಟರ್‌ಗೆ ಡಿಸೆಲ್. ರಾಸಾಯನಿಕ ಕಿಟ್ ತಾರೀಖು ಮೀರಿರಬಾರದು. ಮುಟ್ಟುವವನಿಗೆ ತರಬೇತಿ ಬೇಕು, ಇಲ್ಲದಿದ್ದರೆ ಅವನೇ ಮುಂದಿನ ರೋಗಿ. ಇಷ್ಟೆಲ್ಲ ಆಗಿ ರಿಪೋರ್ಟ್ ತಾಬಡತೋಬ ವಾಪಸ್ ಹಳ್ಳಿಗೆ ಮುಟ್ಟಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಮಶಿನ್ ಶೋಪೀಸೇ ಸರಿ.

ಎಲ್ಲಕ್ಕಿಂತ ಮೊದಲು, ಸ್ಯಾಂಪಲ್ ಕಳಿಸಬೇಕೆಂದು ಯಾರಿಗಾದರೂ ಹೊಳೀಬೇಕಲ್ಲ? 2021ರ ಜನವರಿಯಲ್ಲಿ ಅದೇ ಗಿನಿಯ ಗೊಯೆಕೆ ಎಂಬಲ್ಲಿ ನರ್ಸ್ ಒಬ್ಬರು ಜ್ವರದಿಂದ ಮಲಗಿದರು. ಮೊದಲು ಟೈಫಾಯ್ಡ್ ಅಂದರು, ಆಮೇಲೆ ಮಲೇರಿಯಾ. ಜನವರಿ 28ಕ್ಕೆ ಅವರು ತೀರಿಕೊಂಡರು. ಮಣ್ಣಿಗೆ ಹೋದ ಬಂಧುಗಳಿಗೂ ಸೋಂಕು. ಎಬೋಲಾ ಎಂದು ಖಚಿತವಾಗಿದ್ದು ಫೆಬ್ರವರಿ ಎರಡನೇ ವಾರದಲ್ಲಿ. ಆದರೂ ಈ ಸಲ 23 ಕೇಸು, 12 ಸಾವಿಗೆ ನಿಂತಿತು. ಜೂನ್ 19ಕ್ಕೆ ರೋಗ ಮುಗಿಯಿತೆಂದು ಘೋಷಣೆಯಾಯಿತು.

ಎರಡು ತಿಂಗಳು ತುಂಬುವ ಮೊದಲೇ ಇನ್ನೊಂದು ಪರೀಕ್ಷೆ ಬಂತು. ಈ ಸಲ ಗೆಕೆಡು ಭಾಗದ್ದೇ ಹಳ್ಳಿ, ತೆಮೆಸಾಡು ಎಂಬೋಕೆ. ಆಗಸ್ಟ್ 1ಕ್ಕೆ ಒಬ್ಬಾತ ಊರ ಪಕ್ಕದ ಚಿಕ್ಕ ದವಾಖಾನೆಗೆ ಬಂದ, ಮರುದಿನ ಸತ್ತ. ಸಿಬ್ಬಂದಿಗೆ ಸಂಶಯ ಬಂತು, ಶವದ ಬಾಯಿಯ ದ್ರವ ತೆಗೆದು ಗೆಕೆಡು ಲ್ಯಾಬಿಗೆ ಕಳಿಸಿದರು. ಆಗಸ್ಟ್ 3ಕ್ಕೆ ಉತ್ತರ ಸಿಕ್ಕಿತು: ಎಬೋಲಾದ ಅಣ್ಣತಮ್ಮನಂಥ ಮಾರ್ಬರ್ಗ್ ವೈರಸ್. ಪಶ್ಚಿಮ ಆಫ್ರಿಕಾದಲ್ಲಿ ಅದು ಪತ್ತೆಯಾದದ್ದು ಅದೇ ಮೊದಲು. ಕೊನಾಕ್ರಿ ಲ್ಯಾಬ್, ಸೆನೆಗಲ್‌ನ ಡಾಕರ್ ಪಾಸ್ಚರ್ ಸಂಸ್ಥೆ ಎರಡೂ ಹೌದೆಂದವು. ಸಂಪರ್ಕಕ್ಕೆ ಬಂದ 170ಕ್ಕೂ ಹೆಚ್ಚು ಮಂದಿಯ ಮೇಲೆ ನಿಗಾ ಇಟ್ಟರು. ಎರಡನೆಯ ಕೇಸು ಬರಲೇ ಇಲ್ಲ!

ಒಂದೇ ಪ್ರದೇಶ. 2014ರಲ್ಲಿ ಮೂರು ತಿಂಗಳು ಹಿಡಿದದ್ದು 2021ರಲ್ಲಿ ಮೂರು ದಿನಕ್ಕೆ ಬಂತು.

ಖರ್ಚು ಯಾರ ಖಾತೆಗೆ?

ಬಿ.ಕಾಂ. ಓದಿದವನ ಚಟ, ಕಣ್ಣು ಜಮಾ-ಖರ್ಚಿನ ಕಡೆ ಹೋಗುತ್ತದೆ. ದಾನಿಗಳಿಗೆ ಕಟ್ಟಡ, ಮಶಿನ್ ಕೊಡುವ ಉಮೇದು ಹೆಚ್ಚು, ಫೋಟೋ ಚೆನ್ನಾಗಿ ಬರುತ್ತದೆ. ಪ್ರತಿ ತಿಂಗಳ ಪಗಾರ, ಕಿಟ್, ಡಿಸೆಲ್‌ಗೆ ರಿಬ್ಬನ್ ಕತ್ತರಿಸುವವರು ಯಾರೂ ಇಲ್ಲ. ಜ್ವರ ಬಾರದ ವರ್ಷದಲ್ಲೂ ಆ ಖರ್ಚು ತಪ್ಪದು. ಇಂಥ ಕೆಲಸಕ್ಕೆ ದುಡ್ಡು ಕೊಡುತ್ತಿದ್ದ ಅಮೆರಿಕದ ಯುಎಸ್‌ಏಡ್ 2025ರಲ್ಲಿ ಬಾಗಿಲು ಹಾಕಿತು. ಬಜೆಟ್‌ನ ಶೇ. 15ನ್ನು ಆರೋಗ್ಯಕ್ಕೆ ಇಡುತ್ತೇವೆಂದು ಆಫ್ರಿಕಾದ ಸರಕಾರಗಳು 2001ರಲ್ಲೇ ನೈಜೀರಿಯಾದ ಅಬುಜಾದಲ್ಲಿ ಮಾತು ಕೊಟ್ಟಿದ್ದವು. ಬಹುತೇಕ ದೇಶಗಳ ಬಜೆಟ್ ಆ ಅಂಕಿಯ ಹತ್ತಿರಕ್ಕೂ ಬಂದಿಲ್ಲ.