ವರ್ಗವಾದ ಊರು, ತಣ್ಣನೆಯ ಹೊಳೆ, ಟ್ರೌಟ್ ಮೀನು

ವರ್ಗಾವಣೆಯ ಆದೇಶ ಬಂತು, ಸಾಮಾನು ಕಟ್ಟಿಕೊಂಡು ಹೊಸ ಊರಿಗೆ ಹೋದಿರಿ ಎನ್ನೋಣ. ನೀವು ಬ್ಯಾಂಕಿನವರೋ, ಸೇನೆಯವರೋ, ಜಲವಿದ್ಯುತ್ ಯೋಜನೆಯ ಎಂಜಿನಿಯರೋ ಆಗಿದ್ದರೆ ಆ ಊರು ಹಿಮಾಚಲ ಪ್ರದೇಶದ ಕುಲು ಕಣಿವೆಯೂ ಆಗಿರಬಹುದು. ಭಾಷೆ ಬೇರೆ, ಊಟ ಬೇರೆ, ಕತ್ತಲಾಗುವ ಮೊದಲೇ ಚಳಿ. ಮೊದಲ ಕೆಲವು ದಿನ ಹೊಸತನದಲ್ಲೇ ಕಳೆದುಹೋಗುತ್ತವೆ. ಆಮೇಲೆ ನಿದ್ದೆ ಬಾರದು, ಊಟ ರುಚಿಸದು, ಕಾರಣವಿಲ್ಲದೆ ಮಕ್ಕಳ ಮೇಲೆ ಸಿಡುಕು. ಇಂಥ ದೂರು ಹೊತ್ತು ವೈದ್ಯರ ಬಳಿ ಬರುವ ಎಷ್ಟೋ ಜನರ ರಕ್ತಪರೀಕ್ಷೆಯಲ್ಲಿ ಏನೂ ದೋಷ ಕಾಣುವುದಿಲ್ಲ. ಕಿತ್ತು ನೆಟ್ಟ ಸಸಿ ಕೆಲವು ದಿನ ಬಾಡುತ್ತದಲ್ಲ, ಇದೂ ಹಾಗೆಯೇ. ಆದರೆ ಬೇಸರ ಎರಡು ವಾರ ಮೀರಿ ದಿನವಿಡೀ ಕಾಡಿದರೆ, ಬದುಕೇ ಬೇಡ ಎನ್ನಿಸಿದರೆ, ಅದಕ್ಕೆ ಹವ್ಯಾಸ ಮದ್ದಲ್ಲ. ತಡಮಾಡದೆ ವೈದ್ಯರನ್ನು ಕಾಣಬೇಕು.

ಉಳಿದವರಿಗೆ ಹೊಸ ಊರಿನ ಹೊಳೆಯೇ ಒಳ್ಳೆಯ ಗೆಳೆಯನಾಗಬಹುದು. ಕುಲುವಿನ ತೀರ್ಥನ್, ಸೈಂಜ್, ಬಿಯಾಸ್ ನದಿಗಳಲ್ಲಿ ಟ್ರೌಟ್ ಎಂಬ ಮೀನಿದೆ. ಇದು ಇಲ್ಲಿಯ ಮೂಲವಾಸಿಯಲ್ಲ. 1900ರಲ್ಲಿ ಬ್ರಿಟನ್ನಿನಿಂದ ಕಾಶ್ಮೀರಕ್ಕೆ ಬಂದು ನೆಲೆಯೂರಿತು, 1909ರ ಸುಮಾರಿಗೆ ಕುಲುವಿಗೂ ಬಂತು. ಒಂದರ್ಥದಲ್ಲಿ ಅದೂ ನಿಮ್ಮಂತೆ ವರ್ಗವಾಗಿ ಬಂದದ್ದೇ! ಹಿಮ ಕರಗಿ ಹರಿಯುವ, ಆಮ್ಲಜನಕ ಹೇರಳವಾಗಿರುವ ತಣ್ಣೀರಿಲ್ಲದೆ ಅದು ಬದುಕದು. ನಮ್ಮ ಕಾವೇರಿ, ತುಂಗೆಯ ಬಯಲಿನಲ್ಲಿ ಅದನ್ನು ಹುಡುಕಿ ಫಲವಿಲ್ಲ.

ನಮ್ಮ ಮಲೆನಾಡಿನ ಹುಡುಗರು ಗಾಳಕ್ಕೆ ಎರೆಹುಳು ಸಿಕ್ಕಿಸಿ ದಡದಲ್ಲಿ ಕೂರುತ್ತಾರೆ. ಟ್ರೌಟ್ ಹಿಡಿಯುವ ಫ್ಲೈ ಫಿಶಿಂಗ್ ಬೇರೆ ಬಗೆಯದು. ಗರಿ, ಕೂದಲು, ದಾರ ಸುತ್ತಿ ನೊಣದಂತೆ ಮಾಡಿದ ಪುಟ್ಟ ಗಾಳಕ್ಕೆ ತೂಕವೇ ಇರುವುದಿಲ್ಲ. ತೂಕವಿರುವುದು ದಾರಕ್ಕೆ. ಸುಮಾರು ಒಂಬತ್ತು ಅಡಿ ಉದ್ದದ ಹಗುರ ಕೋಲನ್ನು ಹಿಂದಕ್ಕೆ ಬೀಸಿ, ದಾರ ಹಿಂದೆ ನೇರವಾಗುವವರೆಗೆ ಕ್ಷಣ ಕಾದು, ಮುಂದಕ್ಕೆ ಬೀಸಬೇಕು. ಆತುರಪಟ್ಟರೆ ದಾರ ನಿಮ್ಮ ಕುತ್ತಿಗೆಗೇ ಸುತ್ತಿಕೊಳ್ಳುತ್ತದೆ. ಮೀನು ಎಲ್ಲಿ ನಿಂತಿದೆ, ನೀರಿನ ಮೇಲೆ ಯಾವ ಹುಳು ಹಾರುತ್ತಿದೆ ಎಂದು ನೋಡುತ್ತಿರುವ ಮನಸ್ಸಿಗೆ ಕಚೇರಿಯ ಕಡತ ನೆನಪಾಗದು. ಜೊತೆಗೆ ಕಲ್ಲು ದಾರಿಯಲ್ಲಿ ಎರಡು ಮೂರು ಕಿಲೋಮೀಟರ್ ನಡಿಗೆ. ಗಾಳ ಕಟ್ಟಲು ಕಲಿಸುವ ಸ್ಥಳೀಯರ ಪರಿಚಯವೂ ಆಗುತ್ತದೆ. ನನ್ನ ಲೆಕ್ಕದಲ್ಲಿ ಮೀನಿಗಿಂತ ಈ ಪರಿಚಯವೇ ದೊಡ್ಡ ಲಾಭ. ಅಮೆರಿಕದಲ್ಲಿ 1996ರಿಂದ ಸ್ತನ ಕ್ಯಾನ್ಸರ್ ಆದ ಮಹಿಳೆಯರಿಗಾಗಿ ‘ಕಾಸ್ಟಿಂಗ್ ಫಾರ್ ರಿಕವರಿ’ ಎಂಬ ಸಂಸ್ಥೆ ಫ್ಲೈ ಫಿಶಿಂಗ್ ಶಿಬಿರ ನಡೆಸುತ್ತಿದೆ. ಕೋಲು ಬೀಸುವ ಚಲನೆ, ಶಸ್ತ್ರಚಿಕಿತ್ಸೆಯ ನಂತರ ಭುಜ ಸಡಿಲಿಸಲು ಹೇಳಿಕೊಡುವ ವ್ಯಾಯಾಮವನ್ನು ಹೋಲುತ್ತದೆ. ಹಾಗೆಂದು ವೈದ್ಯರನ್ನು ಕೇಳದೆ ಯಾರೂ ಶುರುಮಾಡಬಾರದು.

ಇನ್ನು ಎಚ್ಚರಿಕೆಯ ಮಾತು. ಈ ಹವ್ಯಾಸದಲ್ಲಿ ಜೀವಕ್ಕೆ ಅಪಾಯವಿರುವುದು ಗಾಳದಿಂದಲ್ಲ, ನೀರಿನಿಂದ. ಹದಿನೈದು ಡಿಗ್ರಿಗಿಂತ ತಣ್ಣಗಿರುವ ನೀರಿಗೆ ಥಟ್ಟನೆ ಬಿದ್ದಾಗ, ಬೇಡವೆಂದರೂ ಏದುಸಿರು ಬರುತ್ತದೆ. ತಲೆ ಮುಳುಗಿದ್ದರೆ ಆ ಉಸಿರಿನೊಂದಿಗೆ ನೀರೇ ಒಳಗೆ ಹೋಗುತ್ತದೆ. ಈ ಏದುಸಿರು ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಆದ್ದರಿಂದ ಬಿದ್ದ ಕೂಡಲೇ ಈಜಲು ಒದ್ದಾಡದೆ, ಅಂಗಾತ ತೇಲಿ, ಕಾಲು ಹರಿವಿನ ಮುಂದಕ್ಕಿರುವಂತೆ ಮಾಡಿಕೊಂಡು ಉಸಿರು ಹಿಡಿತಕ್ಕೆ ಬರುವವರೆಗೆ ಕಾಯಿರಿ. ಆಮೇಲೆ ಓರೆಯಾಗಿ ದಡದತ್ತ ಸಾಗಿ. ಹತ್ತು ನಿಮಿಷ ಕಳೆದರೆ ಬೆರಳು, ತೋಳು ಮಾತು ಕೇಳುವುದಿಲ್ಲ. ಒಳ್ಳೆಯ ಈಜುಗಾರರೂ ಮುಳುಗುವುದು ಹೀಗೆಯೇ. ಹೃದ್ರೋಗ, ಅಧಿಕ ರಕ್ತದೊತ್ತಡ ಇದ್ದವರಿಗೆ ತಣ್ಣೀರಿನ ಆಘಾತ ಇನ್ನೂ ಕೆಟ್ಟದ್ದು. ಅವರು ದಡದಿಂದಲೇ ಬೀಸಿದರೆ ಸಾಕು. ಮಧುಮೇಹವಿದ್ದವರ ಜೇಬಿನಲ್ಲಿ ಸಕ್ಕರೆ ಇರಲಿ. ಮನೆಗೆ ಬಂದ ಮೇಲೆ ಪಾದದಲ್ಲಿ ಗಾಯವಾಗಿದೆಯೇ ಎಂದು ಬೆಳಕಿನಲ್ಲಿ ನೋಡಿಕೊಳ್ಳಲಿ.

ನೀರಿಗೆ ಇಳಿಯಲೇಬೇಕೆಂದರೆ ಮೊಣಕಾಲಿಗಿಂತ ಮೇಲೆ ಬೇಡ. ಎದೆಯವರೆಗಿನ ರಬ್ಬರ್ ಉಡುಪು ಧರಿಸಿದ್ದರೆ ಸೊಂಟಕ್ಕೆ ಪಟ್ಟಿ ಬಿಗಿದಿರಬೇಕು. ಇಲ್ಲದಿದ್ದರೆ ಬಿದ್ದಾಗ ಅದರೊಳಗೆ ನೀರು ತುಂಬುತ್ತದೆ. ಕೈಯಲ್ಲಿ ಊರುಗೋಲು, ಮೈ ಹರಿವಿಗೆ ಅಡ್ಡಪಕ್ಕ, ಹೆಜ್ಜೆ ಎತ್ತದೆ ಸರಿಸುವ ನಡಿಗೆ. ಅಣೆಕಟ್ಟಿನ ಕೆಳಗಿನ ಪಾತ್ರದಲ್ಲಿ ಮಾತ್ರ ಯಾವ ಜಾಣತನವೂ ನಡೆಯದು. 2014ರ ಜೂನ್ 8ರಂದು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ಬಿಯಾಸ್ ನದಿಯಲ್ಲಿ ಏಕಾಏಕಿ ಏರಿ, ಪ್ರವಾಸಕ್ಕೆ ಬಂದಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೊಚ್ಚಿಕೊಂಡು ಹೋಯಿತು. ಅವರು ನಡು ಹೊಳೆಯ ಬಂಡೆಗಳ ಮೇಲೆ ಚಿತ್ರ ತೆಗೆಸಿಕೊಳ್ಳುತ್ತಿದ್ದರು, ಅಷ್ಟೆ. ಸೈರನ್ ಕೇಳಿದರೆ, ನೀರು ಇದ್ದಕ್ಕಿದ್ದಂತೆ ಕದಡಿದರೆ, ಕೋಲು ಬಿಟ್ಟಾದರೂ ದಡ ಹತ್ತಿ.

ಒದ್ದೆಯಾಗಿ ನಡುಗುತ್ತಿರುವವರ ಬಟ್ಟೆ ತೆಗೆದು, ಒಣ ಕಂಬಳಿ ಹೊದಿಸಿ, ಮೊದಲು ಎದೆ, ಹೊಟ್ಟೆಯ ಭಾಗ ಬೆಚ್ಚಗಾಗಿಸಿ. ಎಚ್ಚರವಿದ್ದರೆ ಬಿಸಿ ಸಿಹಿ ಚಹಾ ಕೊಡಿ. ಕೈಕಾಲು ತಿಕ್ಕಬೇಡಿ. ಬ್ರಾಂದಿ ಕುಡಿಸುವ ಪದ್ಧತಿ ಶುದ್ಧ ತಪ್ಪು. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಇದ್ದ ಶಾಖವನ್ನೂ ಹೊರಗೆ ಕಳುಹಿಸುತ್ತದೆ. ನಡುಕ ನಿಂತು ಮಾತು ತೊದಲತೊಡಗಿದರೆ ವಾಸಿಯಾಯಿತೆಂದು ತಿಳಿಯಬೇಡಿ, ಸ್ಥಿತಿ ಬಿಗಡಾಯಿಸಿದೆ. ಕೂಡಲೇ ಆಸ್ಪತ್ರೆಗೆ ಸಾಗಿಸಿ.

ಬೀಸುವಾಗ ಗಾಳ ಕಿವಿಗೆ, ಬೆರಳಿಗೆ ಚುಚ್ಚುವುದುಂಟು. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿಟ್ಟರೆ ಅದು ಸಲೀಸಾಗಿ ಹೊರಬರುತ್ತದೆ, ಮೀನಿಗೂ ನೋವು ಕಡಿಮೆ. ಗಾಯವನ್ನು ಸೋಪು ನೀರಿನಲ್ಲಿ ತೊಳೆದು, ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತೆಂದು ವೈದ್ಯರಿಗೆ ತಿಳಿಸಿ. ಕಣ್ಣಿಗೆ ಚುಚ್ಚಿದರೆ ಮಾತ್ರ ಕೀಳಲೇಬಾರದು. ಕಾಗದದ ಲೋಟ ಕವುಚಿ ಕಟ್ಟಿ, ನೇತ್ರ ವೈದ್ಯರ ಬಳಿಗೆ ಓಡಬೇಕು. ಕನ್ನಡಕವಿಲ್ಲದೆ ಕೋಲು ಮುಟ್ಟಬೇಡಿ ಎನ್ನುವುದು ಇದಕ್ಕೇ. ಎತ್ತರದ ಊರಿನಲ್ಲಿ ಬಿಸಿಲಿನ ಅತಿನೇರಳೆ ಕಿರಣವೂ ಹೆಚ್ಚು. ಟೊಪ್ಪಿಗೆಯೂ ಇರಲಿ. ಮೊಣಕೈಯ ಹೊರಭಾಗ ನೋಯತೊಡಗಿದರೆ ಕೋಲನ್ನು ಬಿಗಿಯಾಗಿ ಹಿಡಿಯುತ್ತಿದ್ದೀರಿ ಎಂದರ್ಥ. ಹಿಡಿತ ಸಡಿಲಿಸಿ, ಒಂದು ವಾರ ಬಿಡುವು ಕೊಡಿ.

ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದೇ ನೀರಿಗೆ ಗಾಳ ಹಾಕಬೇಕು. ನವೆಂಬರ್‌ನಿಂದ ಫೆಬ್ರುವರಿವರೆಗೆ ಟ್ರೌಟ್ ಮೊಟ್ಟೆಯಿಡುವ ಕಾಲ, ಆಗ ಹಿಮಾಚಲದಲ್ಲಿ ಹಿಡಿಯುವಂತಿಲ್ಲ. ಮಳೆಗಾಲದ ಕೆಂಪು ನೀರಿನಲ್ಲಿ ಹೋಗುವುದು ವ್ಯರ್ಥ, ಅಪಾಯವೂ ಹೌದು. ಸಸ್ಯಾಹಾರಿಗಳಾದರೆ ಕೈ ಒದ್ದೆಮಾಡಿಕೊಂಡು ಮೀನನ್ನು ಮೃದುವಾಗಿ ಹಿಡಿದು ಬಿಟ್ಟುಬಿಡಿ. ಒಣ ಕೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತು ಸೋಂಕು ತಗಲುತ್ತದೆ. ತಿನ್ನುವವರಿಗೆ ಟ್ರೌಟ್‌ನಲ್ಲಿ ಒಳ್ಳೆಯ ಪ್ರೋಟೀನ್ ಇದೆ, ಹೃದಯಕ್ಕೆ ಹಿತವಾದ ಒಮೆಗಾ-3 ಕೊಬ್ಬೂ ಇದೆ. ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಬದಲು ಹಬೆಯಲ್ಲೋ ಕಾವಲಿಯ ಮೇಲೋ ಪೂರ್ತಿ ಬೇಯಿಸಿ, ಮಕ್ಕಳ ತಟ್ಟೆಗೆ ಹಾಕುವ ಮುನ್ನ ಸಣ್ಣ ಮುಳ್ಳುಗಳನ್ನು ಬೆರಳಲ್ಲಿ ತಡವಿ ತೆಗೆಯಿರಿ.