ಹಕ್ಕಿಯ ಕಾಲಿನ ಅಕ್ಷರ

ಶಿವಡಿಯ ಕೆಸರು ಬಯಲಿಗೆ ಫ್ಲೆಮಿಂಗೊ ನೋಡಲು ಹೋದ ಅನೇಕರಿಗೆ ಆಗುವ ನಿರಾಸೆಯೇ ನನಗೂ ಆಗಿತ್ತು. ಕಣ್ಣೆದುರು ಗುಲಾಬಿ ಬಣ್ಣದ ಜಾತ್ರೆ, ಮನೆಗೆ ಬಂದು ನೋಡಿದರೆ ಚಿತ್ರದಲ್ಲಿ ಬರೀ ಚುಕ್ಕೆಗಳು. ದೊಡ್ಡ ಲೆನ್ಸುಗಳಿಗೆ ಲಕ್ಷಗಟ್ಟಲೆ ಬೆಲೆ. ಆದ್ದರಿಂದ ಸ್ಪಾಟಿಂಗ್ ಸ್ಕೋಪ್ ಎಂಬ ದೂರದರ್ಶಕವೊಂದನ್ನು ಕೊಂಡು, ಕಣ್ಣಿಟ್ಟು ನೋಡುವ ತುದಿಗೆ ಪುಟ್ಟ ಕ್ಯಾಮೆರಾ ಜೋಡಿಸಿದೆ. 1999ರಲ್ಲಿ ಮಲೇಶಿಯಾದ ಲಾರೆನ್ಸ್ ಪೋ ಈ ವಿಧಾನದಿಂದ ಚಿತ್ರ ತೆಗೆದು ಹಕ್ಕಿಪ್ರಿಯರ ಕಣ್ಣು ತೆರೆಸಿದರು. ಇದಕ್ಕೆ ಡಿಜಿಸ್ಕೋಪಿಂಗ್ ಎಂದು ಹೆಸರು.

ಒಂದು ಫೆಬ್ರುವರಿಯ ಸಂಜೆ, ಫ್ಲೆಮಿಂಗೊಗಳ ಕಾಲಬುಡದಲ್ಲಿ ಉದ್ದ ಕೊಕ್ಕಿನ ಗಾಡ್‌ವಿಟ್ ಒಂದು ಕೆಸರು ಕೆದಕುತ್ತಿತ್ತು. ಅದರ ಕಾಲಿನಲ್ಲಿ ಬಣ್ಣದ ಪಟ್ಟಿ! ನಮ್ಮ ಮುಂಬಯಿಯಲ್ಲಿ 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವಲಸೆ ಹಕ್ಕಿಗಳನ್ನು ಹಿಡಿದು, ಲೋಹದ ಉಂಗುರದ ಜತೆಗೆ ಅಕ್ಷರವಿರುವ ಇಂಥ ಪಟ್ಟಿ ತೊಡಿಸಿ ಬಿಡುತ್ತಾರೆ. ಬೇರೆ ದೇಶಗಳಲ್ಲೂ ಈ ಪದ್ಧತಿ ಉಂಟು. ಅಕ್ಷರ ಓದಿದರೆ ಆ ಹಕ್ಕಿಯನ್ನು ಎಲ್ಲಿ, ಯಾವಾಗ ಹಿಡಿದಿದ್ದರು ಎಂಬುದು ತಿಳಿಯುತ್ತದೆ, ಮತ್ತೆ ಹಿಡಿಯಬೇಕಾಗಿಲ್ಲ.

ಆಸೆಬುರುಕನಾಗಿ ಸ್ಕೋಪನ್ನು 60 ಪಟ್ಟಿಗೆ ಹಿಗ್ಗಿಸಿ ನಲವತ್ತು ಚಿತ್ರ ತೆಗೆದೆ. ಒಂದೂ ಓದಲು ಬರಲಿಲ್ಲ. "ಇದು ಅಕ್ಷರವೋ, ಕೆಸರಿನ ಕಲೆಯೋ ಮಾರಾಯ್ರೆ?" ಎಂದರು ನೆರೆಮನೆಯ ಶೆಟ್ಟರು.

ತಪ್ಪು ಆ 60ರಲ್ಲೇ ಇತ್ತು. 20ರಿಂದ 60ಕ್ಕೆ ಏರಿಸಿದಾಗ ಹಕ್ಕಿ ಮೂರು ಪಟ್ಟು ದೊಡ್ಡದಾಗುವುದು ನಿಜ, ಆದರೆ ನಡುಕವೂ ಮೂರು ಪಟ್ಟು, ಬೆಳಕು ಒಂಬತ್ತನೇ ಒಂದು ಪಾಲು. ಸೆಕೆಂಡಿನ 1/500 ಭಾಗದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ 1/60ರಷ್ಟು ಹೊತ್ತು ಬೇಕಾಗುತ್ತದೆ. ಅಷ್ಟರಲ್ಲಿ ಗಾಡ್‌ವಿಟ್ ಮತ್ತೊಮ್ಮೆ ಕೊಕ್ಕು ಊರಿರುತ್ತದೆ. 20ರಲ್ಲೇ ತೆಗೆದು ಆಮೇಲೆ ಕತ್ತರಿಸಿಕೊಳ್ಳುವುದೇ ಲೇಸು.

ಸುತ್ತ ಕಪ್ಪು ಬಳೆ ಕಂಡರೆ ಕ್ಯಾಮೆರಾದ ಜೂಮನ್ನು ತುಸು ಮುಂದೂಡಬೇಕು. ಒಂದೇ ಬದಿ ಕಪ್ಪಾದರೆ ಲೆನ್ಸ್ ನಡುವಿಗೆ ಕೂತಿಲ್ಲವೆಂದೇ ಅರ್ಥ. ಟ್ರೈಪಾಡಿನ ನಡುಗಂಬವನ್ನು ಎತ್ತಲೇಬಾರದು. ಊಟದ ಡಬ್ಬಿಯಿರುವ ಚೀಲವನ್ನು ಅದಕ್ಕೆ ತೂಗುಹಾಕಿದರೆ ಗಾಳಿಗೂ ಅಲುಗುವುದಿಲ್ಲ. ಗುಂಡಿಯನ್ನು ಬೆರಳಿನಿಂದ ಒತ್ತದೆ ಎರಡು ಸೆಕೆಂಡಿನ ಟೈಮರ್ ಇಡಿ. ಇಂದಿನ ಮೊಬೈಲುಗಳಲ್ಲೂ ಅದಿದೆ. ಇಷ್ಟೆಲ್ಲ ಮಾಡಿಯೂ ನಡುಮಧ್ಯಾಹ್ನದ ಝಳಕ್ಕೆ ಗಾಳಿಯೇ ಕುಣಿಯುವಾಗ ಯಾವ ಗಾಜಿನಿಂದಲೂ ಸ್ಪಷ್ಟ ಚಿತ್ರ ಬಾರದು. ಆಗ ಡಬ್ಬಿ ಬಿಚ್ಚುವುದೊಂದೇ ಉಪಾಯ.

ಶಿವಡಿಯ ದಂಡೆ ಪೂರ್ವಾಭಿಮುಖ. ಬೆಳಿಗ್ಗೆ ಸೂರ್ಯ ಎದುರಿಗೇ ಇರುವುದರಿಂದ ಹಕ್ಕಿಗಳೆಲ್ಲ ಕಪ್ಪು ನೆರಳು. ಮಧ್ಯಾಹ್ನ ಮೂರೂವರೆಯ ನಂತರ, ಭರತದ ನೀರು ಏರುತ್ತಿರುವ ದಿನ ನೋಡಿಕೊಂಡು ಹೋಗಬೇಕು. ನೀರೇ ಹಕ್ಕಿಗಳನ್ನು ದಡದತ್ತ ತಳ್ಳಿ ತರುತ್ತದೆ, ನಾವು ಅಟ್ಟಬೇಕಿಲ್ಲ. ಐರೋಲಿಯಿಂದ ಠಾಣೆ ಖಾರಿಯಲ್ಲಿ ದೋಣಿ ವಿಹಾರವುಂಟು, ಮಕ್ಕಳಿಗೆ ಬಲು ಖುಷಿ. ಸ್ಕೋಪ್ ಮಾತ್ರ ಮನೆಯಲ್ಲೇ ಬಿಡಿ, ಓಲಾಡುವ ದೋಣಿಯಲ್ಲಿ ಟ್ರೈಪಾಡು ನಿರುಪಯೋಗಿ.

ಆ ಗಾಡ್‌ವಿಟ್ ಮತ್ತೆ ಕಾಣಸಿಗಲಿಲ್ಲ. ಎಲ್ಲಿಂದ ಬಂದಿತ್ತೋ, ನನ್ನ ಆತುರದಿಂದ ತಿಳಿಯದೇ ಹೋಯಿತು. ಈ ಚಳಿಗಾಲ ಬೇರೊಂದರ ಕಾಲಲ್ಲಿ ಪಟ್ಟಿ ಕಂಡಿತು. 20ರಲ್ಲೇ ತೆಗೆದೆ. ಶೆಟ್ಟರು ಕನ್ನಡಕವಿಲ್ಲದೆಯೇ ಅಕ್ಷರ ಓದಿದರು. ಮೊನ್ನೆಯಷ್ಟೇ ಸೊಸೈಟಿಗೆ ಬರೆದು ಹಾಕಿದ್ದೇನೆ.